ಮಗನ ಗುಟ್ಟನ್ನು ಅಣ್ಣನಿಗೆ ಹೇಳಲೇ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಸಮೀಪದ ಸಣ್ಣ ಕಾಫಿ ತೋಟ. ಕುಶಾಲನಗರದಲ್ಲಿ ದ್ವಿತೀಯ ಪಿಯುಸಿ ಓದುವ 17 ವರ್ಷದ ಮಗನ ಹಾಕಿ ಬ್ಯಾಗನ್ನು ಒಗೆಯಲು ತೆಗೆದಾಗ ಒಳಜೇಬಿನಲ್ಲಿ ಸುತ್ತಿ ಸೇದುವ ತೆಳು ಕಾಗದವೂ ಗಾಂಜಾ ಪುಡಿಯೂ ಸಿಕ್ಕಿದವು. ಕೆಲವು ತಿಂಗಳಿಂದ ಗೆಳೆಯರೊಂದಿಗೆ ಸೇದುತ್ತಿರುವುದಾಗಿ ಒಪ್ಪಿಕೊಂಡು, ಅಪ್ಪನಿಗೆ ಹೇಳದಿದ್ದರೆ ಬಿಡುತ್ತೇನೆ ಎಂದು ಅತ್ತ. ನಾನು ಮಾತು ಕೊಟ್ಟೆ. ಊರ ಹುಡುಗರಿಗೆ ಆಟ ಕಲಿಸುವ, ಸೇನೆಯಿಂದ ನಿವೃತ್ತರಾದ ನನ್ನ ಅಣ್ಣನಿಗೆ ತಿಳಿಸಬೇಕೆನಿಸುತ್ತದೆ. ಆದರೆ ಊರಿಗೆಲ್ಲ ಸುದ್ದಿಯಾದರೆ, ಪೊಲೀಸರವರೆಗೆ ಹೋದರೆ ಎಂಬ ಭಯ.

ಉತ್ತರ: ಕೊಟ್ಟ ಮಾತನ್ನು ನೀವು ಹಿಂತೆಗೆದುಕೊಳ್ಳಬೇಕಾಗುತ್ತದೆ, ಆದರೆ ಮಗನಿಗೆ ತಿಳಿಯದಂತೆ ಅಲ್ಲ. ಗುಟ್ಟು ಕಾಪಾಡುವ ಷರತ್ತಿನ ಮೇಲೆ ಬಿಡುತ್ತೇನೆ ಎಂದ ಹುಡುಗ ಮುಂದೊಂದು ದಿನ ಎಡವಿದರೆ ಅದನ್ನು ನಿಮ್ಮಿಂದಲೂ ಮುಚ್ಚಿಡುತ್ತಾನೆ. ಹೇಳಿದೊಡನೆ ವಿಷಯ ಅಪ್ಪನ ಕಿವಿಗೆ ಬೀಳುತ್ತದೆಂದು ಅವನಿಗೆ ಗೊತ್ತು. 'ಅಪ್ಪನಿಂದ ಇದನ್ನು ಮುಚ್ಚಿಡಲು ನನ್ನಿಂದಾಗದು, ನೀನೇ ಹೇಳುತ್ತೀಯೋ, ಇಬ್ಬರೂ ಕೂಡಿ ಹೇಳೋಣವೋ' ಎಂದು ಈ ವಾರವೇ ಕೇಳಿ. ಹೇಳುವಾಗ ಪಕ್ಕದಲ್ಲಿರಿ. ಯಜಮಾನರ ಮೊದಲ ಸಿಟ್ಟು ಇಳಿಯುವ ತನಕ ಕಾಲೇಜು ಬಿಡಿಸುವಂತಹ ತೀರ್ಮಾನಗಳು ಬೇಡ.

ಪೊಲೀಸರ ಭಯಕ್ಕೆ ಉತ್ತರ ಚಿಕಿತ್ಸೆಯಲ್ಲಿದೆ. ಮಾದಕ ವಸ್ತುಗಳ 1985ರ ಕಾಯ್ದೆಯ 64ಎ ಕಲಮಿನಂತೆ, ಮಾದಕ ವಸ್ತುವಿನ ಸೇವನೆಯ ಅಥವಾ ಅಲ್ಪ ಪ್ರಮಾಣದಲ್ಲಿ ಅದನ್ನು ಇಟ್ಟುಕೊಂಡ ಆರೋಪ ಬಂದ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರ್ಣಗೊಳಿಸಿದರೆ ಆತನಿಗೆ ಮೊಕದ್ದಮೆಯಿಂದ ರಕ್ಷಣೆ ಇದೆ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಅಷ್ಟು ದೂರ ಹೋಗುವ ಮೊದಲು ಮಾತನಾಡಬೇಕೆನಿಸಿದರೆ ವ್ಯಸನಮುಕ್ತಿ ಸಹಾಯವಾಣಿ 14446 ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ.

ದಿನವೂ ಸೇದುತ್ತಿದ್ದವನು ನಿಲ್ಲಿಸಿದರೆ ಒಂದೆರಡು ದಿನಗಳಲ್ಲೇ ಸಿಡುಕು, ನಿದ್ರೆ ಬಾರದಿರುವುದು, ಊಟ ಸೇರದಿರುವುದು ಶುರುವಾಗಿ ಮೊದಲ ವಾರ ಜೋರಾಗಿದ್ದು, ಸಾಮಾನ್ಯವಾಗಿ ಎರಡು ವಾರಗಳಲ್ಲಿ ಇಳಿಯುತ್ತದೆ. ಬಡಿಸಿದ ತಟ್ಟೆಯನ್ನು ತಳ್ಳಿ ಎದ್ದುಹೋದರೆ ಅದನ್ನು ಉದ್ಧಟತನವೆಂದು ತಿಳಿದು ಜಗಳಕ್ಕೆ ನಿಲ್ಲಬೇಡಿ. ಗುಟ್ಟಾಗಿ ಮೂತ್ರ ಪರೀಕ್ಷೆ ಮಾಡಿಸುವ ಯೋಚನೆಯೂ ಬೇಡ. ಹೆಚ್ಚು ಸೇದುತ್ತಿದ್ದವರಲ್ಲಿ ಬಿಟ್ಟು ವಾರಗಳಾದರೂ ಅಂಶ ಕಾಣಿಸಿಕೊಳ್ಳುವುದರಿಂದ ನಿಜವಾಗಿ ಬಿಟ್ಟವನನ್ನೇ ಸುಳ್ಳುಗಾರನನ್ನಾಗಿ ಮಾಡಿದಂತಾದೀತು.

ಇನ್ನು ನಿಮ್ಮ ಅಣ್ಣ. ಅಪ್ಪ ಅಮ್ಮನೆದುರು ಬಾಯಿ ಬಿಡದ ಹುಡುಗ ಸೋದರಮಾವನೆದುರು ಬಿಡುವುದು ನಮ್ಮ ಮನೆಗಳಲ್ಲಿ ಹೊಸದಲ್ಲವಾದ್ದರಿಂದ ನಿಮ್ಮ ಯೋಚನೆ ನನಗೆ ಹಿಡಿಸಿತು. ಆದರೂ ಆಯ್ಕೆ ಮಗನದೇ ಇರಲಿ; ಅವನು ಮಾವನ ಬದಲು ಕಾಲೇಜಿನ ಉಪನ್ಯಾಸಕರನ್ನು ಹೆಸರಿಸಿದರೆ ಬೇಸರಪಡಬೇಡಿ. ಒಪ್ಪಿಕೊಂಡ ಹಿರಿಯರು ವಿಚಾರಣೆ ನಡೆಸದೆ, ಕೇಳಿದ್ದನ್ನು ಮತ್ತೊಬ್ಬರಿಗೆ ದಾಟಿಸದೆ, ವಾರಕ್ಕೊಮ್ಮೆಯಾದರೂ ಅವನೊಡನೆ ಹೊತ್ತು ಕಳೆಯಬೇಕು. ಆಟವಾಡುವ ಹುಡುಗರು ಕೆಡುವುದಿಲ್ಲವೆಂಬ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಗಟ್ಟಿಯಾಗಿದೆ; ನಿಮಗೆ ಸಿಕ್ಕಿದ್ದು ಹಾಕಿ ಬ್ಯಾಗಿನಲ್ಲೇ ಅಲ್ಲವೇ? ಬೇಸಿಗೆಯ ಪಂದ್ಯಾವಳಿಗಳು ಮುಗಿದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರಾಗಿರುವ ತಿಂಗಳುಗಳಲ್ಲಿ ಸಂಜೆ ನಾಲ್ಕರ ನಂತರ ಇವನು ಎಲ್ಲಿರುತ್ತಾನೆ ಎಂಬುದನ್ನು ಮಾವ ಯೋಚಿಸಲಿ.

ಒಂದೇ ಮನೆಯ ಕಟ್ಟುನಿಟ್ಟು ಹೆಚ್ಚು ದಿನ ನಡೆಯದು. ಐಸ್‌ಲೆಂಡ್ ದೇಶದಲ್ಲಿ 1990ರ ದಶಕದ ಕೊನೆಯಿಂದ ಹದಿಹರೆಯದವರ ಕುಡಿತ ಬಹಳವಾಗಿ ಇಳಿದದ್ದರ ಹಿಂದೆ ಆಟಪಾಠದ ಸೌಲಭ್ಯಗಳ ಜತೆಗೆ, ರಾತ್ರಿ ಎಷ್ಟು ಗಂಟೆಗೆ ಮನೆ ಸೇರಬೇಕು, ಯಾರ ಮನೆಯಲ್ಲೂ ಮಕ್ಕಳಿಗೆ ಮದ್ಯ ಸಿಗಬಾರದು ಎಂದು ತಂದೆತಾಯಂದಿರೇ ಕೂಡಿ ಮಾಡಿಕೊಂಡ ಒಪ್ಪಂದಗಳೂ ಇದ್ದವು. ಮದುವೆ ಮನೆಯಲ್ಲಿ ಹುಡುಗರ ಕೈಗೆ ಗ್ಲಾಸ್ ಕೊಟ್ಟು 'ಗಂಡಸಾದ' ಎಂದು ನಗುವ ನಮ್ಮ ಹಿರಿಯರಿಗೆ ಇದು ರುಚಿಸದಿರಬಹುದು. ನಿಮ್ಮ ಅಣ್ಣನಂಥವರು ಹೇಳಿದರೆ ಕೇಳಿಯಾರು. ಜತೆಗೆ ಸೇದುತ್ತಿದ್ದ ಗೆಳೆಯರ ತಾಯಂದಿರಲ್ಲಿ ನಿಮಗೆ ಪರಿಚಯವಿರುವ ಒಬ್ಬರ ಮನೆಗೆ ಮಗನಿಗೆ ತಿಳಿಸಿಯೇ ಹೋಗಿ. 'ನಿಮ್ಮ ಮಗ ಕೆಡಿಸಿದ' ಎಂದು ಆರಂಭಿಸದೆ, ನಿಮ್ಮ ಮನೆಯಲ್ಲಿ ನಡೆದದ್ದನ್ನಷ್ಟೇ ಹೇಳಿ. ಉಳಿದದ್ದನ್ನು ಆ ತಾಯಿಯೇ ಕೇಳುತ್ತಾರೆ.