ಹುರುಪು ಬಂದಷ್ಟು ಬೇಗ ಕಾಲು ಸಿದ್ಧವಾಗದು
ಓಟ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಜನವರಿಯಲ್ಲಿ ಮುಂಬೈ ಫುಲ್ ಮ್ಯಾರಥಾನ್ 4 ಗಂಟೆ 40 ನಿಮಿಷದಲ್ಲಿ ಮುಗಿಸಿದೆ. ಆಮೇಲೆ ಒಂದು ವಾರ ಓಡಲೇ ಇಲ್ಲ. ಒಂಬತ್ತನೇ ದಿನ ರಾತ್ರಿ ಕೆನ್ಯಾದ ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್ಚೋಗೆ ಕುರಿತ ಸಾಕ್ಷ್ಯಚಿತ್ರ ನೋಡಿ ಹುರುಪು ಬಂತು, ಬೆಳಿಗ್ಗೆ ಎದ್ದವನೇ 12 ಕಿ.ಮೀ. ಓಡಿಬಿಟ್ಟೆ. ಈಗ ಬಲ ಮೀನಖಂಡ ಹಿಡಿದುಕೊಂಡಿದೆ. ಮೊದಲು ವಾರಕ್ಕೆ 50 ಕಿ.ಮೀ. ಓಡುತ್ತಿದ್ದೆ. ಮತ್ತೆ ಶುರು ಮಾಡುವುದು ಹೇಗೆ?
– ಓದುಗರು, ಹುಬ್ಬಳ್ಳಿ

ಉತ್ತರ: ವಿಶ್ರಾಂತಿ ತೆಗೆದುಕೊಂಡಿದ್ದು ಸರಿ. ಎಡವಿದ್ದು ಸೊನ್ನೆಯಿಂದ ನೇರ ಹನ್ನೆರಡಕ್ಕೆ ಹಾರಿದ್ದರಲ್ಲಿ. ಮೈಕೈ ನೋವು ನಾಲ್ಕೈದು ದಿನಕ್ಕೆ ಇಳಿಯುತ್ತದೆ. ಅನ್ನ, ಮುದ್ದೆ ಹೊಟ್ಟೆತುಂಬ ಉಂಡರೆ ಖರ್ಚಾದ ಗ್ಲೈಕೋಜನ್ (ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ) ಕೂಡ ಎರಡು ಮೂರು ದಿನದಲ್ಲಿ ಬಹುಪಾಲು ತುಂಬಿಕೊಳ್ಳುತ್ತದೆ. ಅಲ್ಲಿಗೆ ‘ಎಲ್ಲ ಸರಿಹೋಯ್ತು’ ಅನಿಸಿಬಿಡುತ್ತದೆ. ಆದರೆ ಸ್ನಾಯುವಿನ ಒಳಗೆ ಹರಿದ ಸಣ್ಣ ಎಳೆಗಳ ರಿಪೇರಿ ಎರಡು ವಾರ ದಾಟಿಯೂ ನಡೆದಿರಬಹುದು. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ರಕ್ತದ ಪೂರೈಕೆ ಕಡಿಮೆ, ಅವು ಇನ್ನೂ ನಿಧಾನ.

ಓಡುವ ಮಾತು ಆಮೇಲೆ, ಮೊದಲು ಒಂದು ಪರೀಕ್ಷೆ. ಮಂಡಿಚಿಪ್ಪಿನ ಕೆಳಗೆ ಮುಂದಕ್ಕೆ ಉಬ್ಬಿರುವ ಮೂಳೆ ಕೈಗೆ ಸಿಗುತ್ತದಲ್ಲ, ಅಲ್ಲಿಂದ 10 ಸೆಂ.ಮೀ. ಕೆಳಗೆ ಎರಡೂ ಮೀನಖಂಡಗಳ ಸುತ್ತಳತೆಯನ್ನು ಟೈಲರ್ ಟೇಪಿನಲ್ಲಿ ಅಳೆಯಿರಿ. ಬಲಗಾಲಿನ ಸುತ್ತಳತೆ ಎಡಗಾಲಿನದಕ್ಕಿಂತ 3 ಸೆಂ.ಮೀ.ಗೂ ಹೆಚ್ಚಿದ್ದರೆ, ಅಥವಾ ಅಳತೆ ಎಷ್ಟೇ ಇದ್ದರೂ ಆ ಒಂದೇ ಕಾಲು ಊದಿ ಬಿಸಿಯಾಗಿದ್ದರೆ, ಅದೇ ದಿನ ವೈದ್ಯರಿಗೆ ತೋರಿಸಿ. ಓಟ ಮುಗಿಸಿ ರಾತ್ರಿಯಿಡೀ ಬಸ್ಸಿನಲ್ಲಿ ಕಾಲು ಮಡಚಿ ಕೂತು ಬಂದವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಇದ್ದೇ ಇದೆ. ಅಂಥ ಕಾಲಿಗೆ ಮಸಾಜ್ ಮಾಡಿಸಲೇಬಾರದು.

ಬರೀ ಬಿಗಿತವಾದರೆ ಓಟ ನಿಲ್ಲಿಸಿ, ನಡೆಯಿರಿ. 30 ನಿಮಿಷ ಬಿರುಸಾಗಿ ನಡೆದರೂ ನೋವು ಬರಬಾರದು. ಗೋಡೆಗೆ ಬೆರಳು ತಾಗಿಸಿ ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿದರೆ, ಎಡಗಾಲಿನಷ್ಟೇ ಸಲ, ಕನಿಷ್ಠ 15 ಸಲ, ಬಲಗಾಲೂ ಮಾಡಬೇಕು. ಅದಾದ ದಿನವೇ ನಿಮ್ಮ ಮೊದಲ ದಿನ.

ಆ ವಾರ ಮೂರೇ ಓಟ: 20, 25, 30 ನಿಮಿಷ, ನಡುವೆ ಒಂದೊಂದು ದಿನ ಬಿಡುವು. ನಿಮ್ಮ ಮ್ಯಾರಥಾನ್ ಪೇಸ್ ಕಿ.ಮೀ.ಗೆ 6 ನಿಮಿಷ 38 ಸೆಕೆಂಡು. ಈಗ ಏಳೂವರೆ ನಿಮಿಷ ಇರಲಿ. ನಾಚಿಕೆಯಾಗುವಷ್ಟು ನಿಧಾನ ಅನಿಸಿದರೆ ಪೇಸ್ ಸರಿಯಾಗಿದೆ ಎಂದರ್ಥ. ಒಟ್ಟು 10 ಕಿ.ಮೀ. ಆಗುತ್ತದೆ. ಎರಡನೇ ವಾರ ನಾಲ್ಕು ಓಟ ಸೇರಿ 20, ಮೂರನೆಯದಕ್ಕೆ 30, ನಾಲ್ಕನೆಯದಕ್ಕೆ 40. ಲಾಂಗ್ ರನ್ (ವಾರದ ಅತಿ ಉದ್ದದ ಓಟ) ಮೂರನೇ ವಾರದಿಂದ, 10 ಕಿ.ಮೀ. ದಾಟದಂತೆ. ನಾಲ್ಕನೇ ವಾರ ಒಂದು ನಿಧಾನ ಓಟದ ಕೊನೆಯಲ್ಲಿ 20 ಸೆಕೆಂಡಿನ ನಾಲ್ಕು ಸ್ಟ್ರೈಡ್ಸ್ (ಸಡಿಲವಾಗಿ ವೇಗ ಏರಿಸುವ ಚಿಕ್ಕ ಓಟ) ಸೇರಿಸಿ. ಟೆಂಪೋ, ಇಂಟರ್ವಲ್‌ನಂಥ ಬಿರುಸಿನ ಓಟ ಏನಿದ್ದರೂ ಆಮೇಲೆ. ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸಿಕೊಳ್ಳಿ. ಎಂದಿನದಕ್ಕಿಂತ ಏಳೆಂಟು ಬಡಿತ ಹೆಚ್ಚಿದ್ದರೆ ಅಂದು ಶೂ ಮುಟ್ಟಬೇಡಿ.

ಪ್ರಶ್ನೆ: ಮೆಟ್ಟಿಲು ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಜೀವ ಹೋಗುತ್ತದೆ. ಓಟ ಮುಗಿದು ಎರಡು ದಿನವಾಯಿತು. ಯಾಕೆ ಹೀಗೆ?
– ಓದುಗರು, ಮೈಸೂರು

ಉತ್ತರ: ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಿಡಿಯಬೇಕು. ಎಳೆಗಳು ಹೆಚ್ಚಾಗಿ ಹರಿಯುವುದೂ ಇದೇ ಕೆಲಸದಲ್ಲಿ. ನೋವು ಎರಡನೇ ಮೂರನೇ ದಿನ ತುದಿ ಮುಟ್ಟಿ ಇಳಿಯುತ್ತದೆ. ಅಲ್ಲಿಯವರೆಗೆ ಕಟಾಂಜನ ಹಿಡಿದು ಹಿಂದುಮುಂದಾಗಿ ಇಳಿಯಿರಿ, ಯಾರು ನಕ್ಕರೂ ಸರಿ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ; ಹರಿದ ಸ್ನಾಯುವಿನ ಪ್ರೋಟೀನು ಕಿಡ್ನಿಗೆ ಹೊರೆಯಾಗುತ್ತಿರಬಹುದು. ಓಟದ ದಿನ ಐಬುಪ್ರೊಫೆನ್‌ನಂಥ ಮಾತ್ರೆ ನುಂಗಬೇಡಿ ಅನ್ನುವುದೂ ಕಿಡ್ನಿಯ ಕಾರಣಕ್ಕೇ.

ಪ್ರಶ್ನೆ: ಟ್ರೆಡ್‌ಮಿಲ್ ಮೇಲೆ ಮೊಬೈಲ್ ಇಟ್ಟುಕೊಂಡು ಓಟದ ಸಾಕ್ಷ್ಯಚಿತ್ರ ನೋಡುತ್ತಾ ಓಡಬಹುದೇ?
– ಓದುಗರು, ಬೆಂಗಳೂರು

ಉತ್ತರ: ಓಡಬಹುದು, ಮೊಬೈಲನ್ನು ಹೊಟ್ಟೆಯ ಮಟ್ಟದ ತಟ್ಟೆಯಲ್ಲಿ ಇಡದಿದ್ದರೆ. ಕತ್ತು ಬಗ್ಗಿದರೆ ಸೊಂಟವೂ ಬಗ್ಗುತ್ತದೆ. ಸ್ಕ್ರೀನ್ ಕಣ್ಣಿನ ನೇರಕ್ಕಿರಲಿ. ವೇಗ ಗಂಟೆಗೆ 8 ಕಿ.ಮೀ.ಗೆ ಇಟ್ಟರೆ ಅದೇ ಏಳೂವರೆ ನಿಮಿಷದ ಪೇಸ್. ಪರದೆಯ ಮೇಲೆ ಓಟ ಬಿರುಸಾದಾಗ ಬೆರಳು ತಾನಾಗಿ ಪ್ಲಸ್ ಬಟನ್ ಕಡೆ ಹೋಗುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ. ಇಳಿಜಾರು ಸೊನ್ನೆಯಲ್ಲಿರಲಿ, ಏರು ಕೊಟ್ಟರೆ ಹೊರೆ ಮೀನಖಂಡಕ್ಕೆ. ಎದುರಿಗೆ ಫ್ಯಾನ್ ಬೇಕು. ಸಬ್‌ಟೈಟಲ್ ಓದಲೇಬೇಕಾದ ಚಿತ್ರವನ್ನು ಮಾತ್ರ ಸೋಫಾಕ್ಕೆ ಮೀಸಲಿಡಿ.

ಪ್ರಶ್ನೆ: ಹಾಗಾದರೆ ವಿಶ್ರಾಂತಿಯ ವಾರಗಳಲ್ಲಿ ಯಾವುದು ನೋಡಲಿ?
– ಓದುಗರು, ಶಿವಮೊಗ್ಗ

ಉತ್ತರ: 1964ರ ಟೋಕಿಯೊ ಒಲಿಂಪಿಕ್ಸ್ ಬಗ್ಗೆ ಜಪಾನಿನ ನಿರ್ದೇಶಕ ಕಾನ್ ಇಚಿಕಾವಾ 1965ರಲ್ಲಿ ತೆರೆಗೆ ತಂದ ಸಾಕ್ಷ್ಯಚಿತ್ರ ‘ಟೋಕಿಯೊ ಒಲಿಂಪಿಯಾಡ್’. ಅದರಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಓಡುವುದನ್ನು ಸ್ಲೋ ಮೋಷನ್‌ನಲ್ಲಿ ತೋರಿಸಿದ್ದಾರೆ. ಕಾಲನ್ನೇ ನೋಡಬೇಡಿ, ಭುಜ, ದವಡೆ, ಬೆರಳು ಎಷ್ಟು ಸಡಿಲ ಇವೆ ನೋಡಿ. ಅವರು ಆ ಮ್ಯಾರಥಾನ್ ಓಟವನ್ನು 2 ಗಂಟೆ 12 ನಿಮಿಷದಲ್ಲಿ ಗೆದ್ದದ್ದು ಅಪೆಂಡಿಕ್ಸ್ ಆಪರೇಷನ್ ಆಗಿ ಕೆಲವೇ ವಾರಗಳಲ್ಲಿ. ದಯವಿಟ್ಟು ಆ ಭಾಗದಿಂದ ಸ್ಫೂರ್ತಿ ಪಡೆಯಬೇಡಿ.

ಕಿಪ್ಚೋಗೆಯ ಚಿತ್ರ ನೋಡುವವರು ಒಂದು ಲೆಕ್ಕ ತಲೆಯಲ್ಲಿಟ್ಟುಕೊಳ್ಳಿ. ಅವರು ಮ್ಯಾರಥಾನ್ ದೂರ ಓಡಿದ್ದು 2017ರಲ್ಲಿ ಇಟಲಿಯ ಮೋಂಜಾದಲ್ಲಿ 2:00:25, 2019ರಲ್ಲಿ ವಿಯೆನ್ನಾದಲ್ಲಿ 1:59:40, ಅಂದರೆ ಕಿ.ಮೀ.ಗೆ ಸುಮಾರು 2 ನಿಮಿಷ 50 ಸೆಕೆಂಡು. ವಿಯೆನ್ನಾದಲ್ಲಿ 41 ಪೇಸ್‌ಮೇಕರ್‌ಗಳು (ವೇಗ ಕಾಯ್ದುಕೊಡುವ ಓಟಗಾರರು) ಸರದಿಯಂತೆ ಬದಲಾಗುತ್ತಾ ಗಾಳಿ ತಡೆದರು, ಸೈಕಲ್ ಮೇಲೆ ಬಂದವರು ಕುಡಿಯುವುದನ್ನು ಕೈಗೇ ಕೊಟ್ಟರು. ಅದಕ್ಕೇ ಅದು ವಿಶ್ವದಾಖಲೆಯ ಪಟ್ಟಿಗೆ ಸೇರಲಿಲ್ಲ. ನಿದ್ದೆ ಮಾಡುವ, ಸುಮ್ಮನೆ ಕೂರುವ ದಿನಗಳನ್ನು ಯಾವ ಕ್ಯಾಮೆರಾವೂ ಗಂಟೆಗಟ್ಟಲೆ ತೋರಿಸುವುದಿಲ್ಲ. ಹಾಗಾಗಿ ತರಬೇತಿಯೆಂದರೆ ಬರೀ ಓಟ ಅನ್ನುವ ಭ್ರಮೆ ಹುಟ್ಟುತ್ತದೆ.

ಟೋಕಿಯೊ ಚಿತ್ರ ಎರಡೂವರೆ ಗಂಟೆಗೂ ಉದ್ದ. ಒಂದೇ ಪಟ್ಟಿಗೆ ಕೂತರೆ ಕಾಲು ಕಟ್ಟಿಗೆಯಾಗುತ್ತದೆ. ಅರ್ಧ ಗಂಟೆಗೊಮ್ಮೆ ಪಾಸ್ ಮಾಡಿ ಎದ್ದು ನೀರು ಕುಡಿದು, ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಿ ಮತ್ತೆ ಕೂರಿ.