ಎರಡೇ ಪೆಗ್ ಅಂತೀರಲ್ಲ, ಯಾವತ್ತಾದ್ರೂ ಅಳೆದು ನೋಡಿದ್ದೀರಾ?

ಹೋದ ಸಲ ಕುಡಿತದ ಬಗ್ಗೆ ಒಂದು ಸಣ್ಣ ಪ್ರಶ್ನೆಗೆ ನಾಲ್ಕು ಸಾಲು ಉತ್ತರ ಬರೆದಿದ್ದೆ. ಅದರ ಹಿಂದೆಯೇ ತುಂಬಾ ಪತ್ರ ಬಂದವು. ಹೆಚ್ಚಿನವರು ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಈ ಸಲದ ಅಂಕಣ ಪೂರ್ತಿ ಆ ಪತ್ರಗಳಿಗೇ.

ಪ್ರಶ್ನೆ: ಮೇಡಂ, ನನಗೆ 41 ವರ್ಷ, ಬೆಂಗಳೂರಿನಲ್ಲಿ ಕೆಲಸ. ರಾತ್ರಿ ಮನೆಗೆ ಬಂದ ಮೇಲೆ ಎರಡು ಪೆಗ್ ವಿಸ್ಕಿ ತಗೊಳ್ತೀನಿ. ಶನಿವಾರ ಸ್ನೇಹಿತರ ಜೊತೆ ಸ್ವಲ್ಪ ಜಾಸ್ತಿ ಆಗುತ್ತೆ. ಗಲಾಟೆ ಇಲ್ಲ, ಸಾಲ ಇಲ್ಲ, ಇದರಿಂದ ಒಂದು ದಿನವೂ ರಜೆ ಹಾಕಿಲ್ಲ. ಮೊನ್ನೆ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂತು. ಹೆಂಡತಿ ಪೂರ್ತಿ ಬಿಡಿ ಅಂತಾಳೆ. ನನಗೆ ಕಡಿಮೆ ಮಾಡುವ ಮನಸ್ಸಿದೆ, ಬಿಡುವ ಮನಸ್ಸಿಲ್ಲ. ಹೇಗೆ ಶುರು ಮಾಡಲಿ?
— ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಅಳೆಯುವುದರಿಂದ ಶುರು ಮಾಡಿ.

ನನ್ನ ಹತ್ತಿರ ಬರುತ್ತಿದ್ದ ಒಬ್ಬರು ನಿಮ್ಮ ಹಾಗೇ ಹೇಳುತ್ತಿದ್ದರು, "ಎರಡೇ ಪೆಗ್ ಮೇಡಂ, ಅದಕ್ಕಿಂತ ಮೇಲೆ ಹೋಗಲ್ಲ." ಸುಳ್ಳು ಹೇಳುವ ಮನುಷ್ಯ ಅಲ್ಲ. ಮುಂದಿನ ಸಲ ಬರುವಾಗ ಮನೆಯಲ್ಲಿ ನೀವು ದಿನಾ ಕುಡಿಯುವ ಲೋಟ ತನ್ನಿ ಅಂದೆ. ಪೇಪರ್‌ನಲ್ಲಿ ಸುತ್ತಿ ಒಂದು ಗಾಜಿನ ಲೋಟ ತಂದರು, ಕೆಳಗೆ ಸಣ್ಣ ಹೂವಿನ ಚಿತ್ರ ಇತ್ತು. ಒಂದು ಬಾಟಲಿ ನೀರು ಕೊಟ್ಟು, ಇದನ್ನೇ ವಿಸ್ಕಿ ಅಂದುಕೊಂಡು ಒಂದು ಪೆಗ್ ಹಾಕಿ ಅಂದೆ. ಯೋಚನೆಯೇ ಮಾಡಲಿಲ್ಲ, ಕೈಗೆ ರೂಢಿ ಇತ್ತು, ಹೂವು ಮುಳುಗುವವರೆಗೆ ಸುರಿದು ನಿಲ್ಲಿಸಿದರು. ನಾನು 20 ಎಂ.ಎಲ್. ಸಿರಿಂಜ್ ತೆಗೆದುಕೊಂಡು ಆ ನೀರನ್ನು ಎಳೆದೆ. ಒಂದು ಸಲ, ಎರಡು ಸಲ, ಮೂರು, ನಾಲ್ಕು. ಆಮೇಲೂ ತಳದಲ್ಲಿ ಸ್ವಲ್ಪ ಉಳಿದಿತ್ತು. ಒಟ್ಟು 86 ಎಂ.ಎಲ್. ಅವರು ಸ್ವಲ್ಪ ಹೊತ್ತು ಸಿರಿಂಜನ್ನೇ ನೋಡುತ್ತಾ ಕೂತರು. "ಅಂದ್ರೆ ನಾನು ದಿನಾ ಒಂದು ಕ್ವಾರ್ಟರ್ ಕುಡೀತಾ ಇದ್ದೀನಾ?" ಅಂತ ಕೇಳಿದರು. ಹೌದು, ಕ್ವಾರ್ಟರ್ ಅಂದರೆ 180 ಎಂ.ಎಲ್., ಅವರ ಎರಡು ಪೆಗ್ ಸೇರಿದರೆ ಹೆಚ್ಚು ಕಡಿಮೆ ಅಷ್ಟೇ.

ಇದನ್ನೇ ನೀವೂ ಇವತ್ತು ರಾತ್ರಿ ಮಾಡಿ. ಸ್ಮಾಲ್ ಪೆಗ್ ಅಂದರೆ 30 ಎಂ.ಎಲ್., ಲಾರ್ಜ್ ಅಂದರೆ 60. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿ ಬಾಟಲಿ ಮೇಲೆ ಸಾಮಾನ್ಯವಾಗಿ 42.8% ಅಂತ ಬರೆದಿರುತ್ತೆ. ಆ ಲೆಕ್ಕದಲ್ಲಿ ಒಂದು ಸ್ಮಾಲ್ ಪೆಗ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತೆ. ನೈಂಟಿಯಲ್ಲಿ, ಅಂದರೆ 90 ಎಂ.ಎಲ್.ನಲ್ಲಿ, 30 ಗ್ರಾಂ, ಕ್ವಾರ್ಟರ್‌ನಲ್ಲಿ 60 ಗ್ರಾಂ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಈಗ ವಾರದ ಲೆಕ್ಕ ಹಾಕಿ. ಬ್ರಿಟನ್ನಿನ ವೈದ್ಯರು 2016ರಲ್ಲಿ ಹೇಳಿದ ಮಿತಿ ಗಂಡಸಿಗೂ ಹೆಂಗಸಿಗೂ ವಾರಕ್ಕೆ 112 ಗ್ರಾಂ, ಅಂದರೆ ನಮ್ಮ ಸ್ಮಾಲ್ ಪೆಗ್ ಲೆಕ್ಕದಲ್ಲಿ ಹನ್ನೊಂದು. ಅದನ್ನೂ ಒಂದೇ ದಿನ ಮುಗಿಸಬಾರದು, ಮೂರು ದಿನ ಅಥವಾ ಅದಕ್ಕಿಂತ ಹೆಚ್ಚು ದಿನಕ್ಕೆ ಹಂಚಿಕೊಳ್ಳಬೇಕು ಅಂತ. ಹೂವಿನ ಲೋಟದವರದ್ದು ವಾರಕ್ಕೆ 400 ಗ್ರಾಂ ಆಗುತ್ತಿತ್ತು. ಇನ್ನು, ಹನ್ನೊಂದರ ಒಳಗಿದ್ದರೆ ಏನೂ ಆಗಲ್ಲ ಅಂತಲೂ ಅಲ್ಲ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮುಚ್ಚುಮರೆ ಇಲ್ಲದೆ ಹೇಳಿದೆ, ಆರೋಗ್ಯಕ್ಕೆ ಸುರಕ್ಷಿತ ಅನ್ನುವಂಥ ಪ್ರಮಾಣವೇ ಇಲ್ಲ. ಕಡಿಮೆ ಕುಡಿದಷ್ಟೂ ಅಪಾಯ ಕಡಿಮೆ, ಅಷ್ಟೇ. ದಿನಾ ಒಂದು ಪೆಗ್ ಹಾರ್ಟ್‌ಗೆ ಒಳ್ಳೇದು ಅಂತ ಯಾರಾದ್ರೂ ಹೇಳಿದರೆ ನಂಬಬೇಡಿ.

ನಿಮ್ಮ ಲಿವರ್ ವಿಷಯದಲ್ಲಿ ಮಾತ್ರ ನಾನು ನಿಮ್ಮ ಹೆಂಡತಿ ಪರ. ಕುಡಿತದಿಂದ ಬಂದ ಫ್ಯಾಟಿ ಲಿವರ್ ಶುರುವಿನ ಹಂತದಲ್ಲಿದ್ದರೆ, ಪೂರ್ತಿ ನಿಲ್ಲಿಸಿದಾಗ ಕೆಲವೇ ವಾರಗಳಲ್ಲಿ ಇಳಿಯುತ್ತೆ. ಇಷ್ಟು ಸುಲಭವಾಗಿ ಹಿಂದಕ್ಕೆ ಬರುವ ಹಂತ ಆಮೇಲೆ ಸಿಗಲ್ಲ. ಹಾಗಾಗಿ ಮೂರು ತಿಂಗಳು ಪೂರ್ತಿ ನಿಲ್ಲಿಸಿ, ಮತ್ತೆ ಪರೀಕ್ಷೆ ಮಾಡಿಸಿ, ಆಮೇಲೆ ಮುಂದಿನದನ್ನು ನಿಮ್ಮ ಡಾಕ್ಟರ್ ಜೊತೆ ಕೂತು ತೀರ್ಮಾನ ಮಾಡಿ. ಆದರೆ ನಿಲ್ಲಿಸುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ಕುಡಿಯದ ದಿನ ಬೆಳಗ್ಗೆ ಕೈ ನಡುಗುತ್ತಾ? ಬೆವರು, ಗಾಬರಿ, ವಾಂತಿ ಬಂದ ಹಾಗೆ ಆಗುತ್ತಾ? ಆಗುತ್ತೆ ಅಂದರೆ ಒಬ್ಬರೇ ನಿಲ್ಲಿಸಬೇಡಿ. ಯಾಕೆ ಅಂತ ಮೂರನೇ ಪತ್ರಕ್ಕೆ ಬರೆದಿದ್ದೀನಿ, ಓದಿ.

ಮೂರು ತಿಂಗಳು ಆಗಲ್ಲ, ಕಡಿಮೆಯಿಂದಲೇ ಶುರು ಮಾಡ್ತೀನಿ ಅಂದರೂ ಸರಿ, ಏನೂ ಮಾಡದೆ ಇರುವುದಕ್ಕಿಂತ ಅದು ಎಷ್ಟೋ ಮೇಲು. ಮನೆಯಲ್ಲಿ ಫುಲ್ ಬಾಟಲಿ ಇಡಬೇಡಿ. ಬಾಟಲಿ ಕಣ್ಣೆದುರು ಇದ್ದರೆ ಎರಡನೆಯದು ಮೂರಾಗುವುದಕ್ಕೆ ಕಾರಣ ಬೇಕಿಲ್ಲ. 30 ಎಂ.ಎಲ್. ಅಳತೆಯ ಸಣ್ಣ ಕಪ್ ಸಿಗುತ್ತೆ, ಅದಿಲ್ಲದೆ ಸುರಿಯಲ್ಲ ಅಂತ ನಿಯಮ ಮಾಡಿಕೊಳ್ಳಿ. ವಾರದಲ್ಲಿ ಯಾವ ನಾಲ್ಕು ದಿನ ಕುಡಿಯಲ್ಲ ಅಂತ ಭಾನುವಾರವೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಆ ದಿನ ಸಂಜೆ ನೋಡೋಣ ಅಂತ ಬಿಟ್ಟರೆ ಸಂಜೆ ಗೆಲ್ಲುವುದು ವಿಸ್ಕಿಯೇ.

ಎಲ್ಲಕ್ಕಿಂತ ಕೆಲಸ ಮಾಡುವುದು ಊಟ. ಹೆಚ್ಚಿನವರಿಗೆ ಕುಡಿಯಬೇಕು ಅನ್ನಿಸುವುದು ಏಳೂವರೆಯಿಂದ ಒಂಬತ್ತರ ಒಳಗೆ, ಹೊಟ್ಟೆ ಖಾಲಿ ಇರುವಾಗ, ಆಫೀಸಿನ ತಲೆಬಿಸಿ ಇನ್ನೂ ಇಳಿದಿರದೆ ಇರುವಾಗ. ಮನೆಗೆ ಬಂದ ತಕ್ಷಣ ಮುದ್ದೆಯೋ ಚಪಾತಿಯೋ ಅನ್ನ ಸಾರೋ ಹೊಟ್ಟೆ ತುಂಬ ಉಂಡುಬಿಡಿ. ಉಂಡ ಮೇಲೆ ಕುಡಿಯುವ ಆಸೆ ಅರ್ಧಕ್ಕೆ ಇಳಿಯುತ್ತೆ ಅಂತ ಹೂವಿನ ಲೋಟದವರೇ ನನಗೆ ಹೇಳಿದ್ದು. ಅವರು ಊಟ ಆದ ಮೇಲೆ ಮಗಳ ಜೊತೆ ಬೀದಿಯಲ್ಲಿ ಎರಡು ಸುತ್ತು ನಡೆಯೋಕೆ ಶುರು ಮಾಡಿದರು, ವಾಪಸ್ ಬರುವಷ್ಟರಲ್ಲಿ ಒಂಬತ್ತೂವರೆ ಆಗಿರುತ್ತಿತ್ತು.

ಮೊದಲ ವಾರ ನಿದ್ದೆ ಸರಿ ಬರದೇ ಇರಬಹುದು. ಹೆದರಬೇಡಿ. ಕುಡಿದರೆ ಬೇಗ ನಿದ್ದೆ ಹತ್ತುತ್ತೆ ನಿಜ, ಆದರೆ ರಾತ್ರಿಯ ಎರಡನೇ ಅರ್ಧ ಪೂರ್ತಿ ಕೆಡುತ್ತೆ. ಬೆಳಗಿನ ಜಾವ ಮೂರು ಗಂಟೆಗೆ ಬಾಯಿ ಒಣಗಿ ಎಚ್ಚರ ಆಗುತ್ತಲ್ವಾ, ಅದು ಇದೇ.

ಪ್ರಶ್ನೆ: ನಾನು ವಿಸ್ಕಿ, ರಮ್ ಥರದ ಹಾಟ್ ಮುಟ್ಟಲ್ಲ, ಬರೀ ಬಿಯರ್. ವಾರಕ್ಕೆ ಮೂರು ನಾಲ್ಕು ದಿನ ಎರಡು ಬಾಟಲಿ ಸ್ಟ್ರಾಂಗ್. ಬಿಯರ್‌ನಿಂದ ಏನೂ ಆಗಲ್ಲ, ಮೈ ತಂಪಾಗುತ್ತೆ ಅಂತಾರೆ. ನಿಜಾನಾ? ರಾತ್ರಿ ಕುಡಿದು ಬೆಳಗ್ಗೆ ಬೈಕ್ ಓಡಿಸಬಹುದಾ?
— 27 ವರ್ಷ, ಹುಬ್ಬಳ್ಳಿ

ಉತ್ತರ: ನಿಜ ಅಲ್ಲ. ಬಾಟಲಿ ತಿರುಗಿಸಿ ಲೇಬಲ್ ಓದಿ. 650 ಎಂ.ಎಲ್. ಬಾಟಲಿ ಮೇಲೆ 8% ಅಂತ ಇದ್ದರೆ ಅದರಲ್ಲಿ 41 ಗ್ರಾಂ ಆಲ್ಕೋಹಾಲ್ ಇದೆ, ಅಂದರೆ ನಾಲ್ಕು ಸ್ಮಾಲ್ ಪೆಗ್. ಎರಡು ಬಾಟಲಿ ಅಂದರೆ ಎಂಟು. ಒಂದು ಕ್ವಾರ್ಟರ್ ಕುಡಿಯುವ ನಿಮ್ಮ ಗೆಳೆಯನಿಗಿಂತ ನೀವೇ ಜಾಸ್ತಿ ಕುಡಿಯುತ್ತಿದ್ದೀರಿ. 5% ಇರುವ ಮೈಲ್ಡ್ ಬಿಯರ್ ಬಾಟಲಿಯಲ್ಲೂ ಎರಡೂವರೆ ಪೆಗ್ ಇರುತ್ತೆ. ಮೈ ತಂಪಾಗುವ ಮಾತಂತೂ ಬಿಡಿ, ಆಲ್ಕೋಹಾಲ್ ಮೈಯಲ್ಲಿನ ನೀರನ್ನು ಮೂತ್ರದಲ್ಲಿ ಹೊರಗೆ ಹಾಕುತ್ತೆ.

ಬೈಕ್ ವಿಷಯ. ಲಿವರ್ ಗಂಟೆಗೆ ಕರಗಿಸುವುದು ಸುಮಾರು ಒಂದು ಸ್ಮಾಲ್ ಪೆಗ್‌ನಷ್ಟು, ಕೆಲವರಿಗೆ ಅದಕ್ಕಿಂತ ಕಡಿಮೆ. ಕಾಫಿ, ತಣ್ಣೀರ ಸ್ನಾನ, ನಿಂಬೆಹಣ್ಣು, ಮಜ್ಜಿಗೆ ಯಾವುದೂ ಅದನ್ನು ಬೇಗ ಮಾಡಿಸಲ್ಲ. ರಾತ್ರಿ ಹನ್ನೊಂದಕ್ಕೆ ಎರಡನೇ ಸ್ಟ್ರಾಂಗ್ ಮುಗಿಸಿ ಮಲಗಿದರೆ ಬೆಳಗ್ಗೆ ಆರಕ್ಕೂ ರಕ್ತದಲ್ಲಿ ಇರುತ್ತೆ. ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅದಕ್ಕಿಂತ ಮುಖ್ಯ, ನಿಮಗೆ 27 ವರ್ಷ. ದಯವಿಟ್ಟು ಓಡಿಸಬೇಡಿ. ಬಾಟಲಿಯನ್ನು ಒಂದಕ್ಕೆ ಇಳಿಸಿ, ಸ್ಟ್ರಾಂಗ್ ಬಿಟ್ಟು ಮೈಲ್ಡ್‌ಗೆ ಬನ್ನಿ, ದಿನಗಳನ್ನು ಎರಡಕ್ಕೆ ತನ್ನಿ. ಇವತ್ತಿನಿಂದ ಇಷ್ಟು ಮಾಡಿ, ಒಂದು ತಿಂಗಳು ಬಿಟ್ಟು ಮತ್ತೆ ಬರೆಯಿರಿ.

ಪ್ರಶ್ನೆ: ಮೇಡಂ, ನನ್ನ ಗಂಡ ಬೆಳಗ್ಗೆ ಎದ್ದ ತಕ್ಷಣ ಕುಡಿಯಬೇಕು, ಇಲ್ಲದಿದ್ದರೆ ಕೈ ನಡುಗಿ ಕಾಫಿ ಲೋಟವನ್ನೂ ಹಿಡಿಯೋಕಾಗಲ್ಲ. ಹೋದ ವರ್ಷ ದೇವರ ಮೇಲೆ ಆಣೆ ಮಾಡಿ ಬಿಟ್ಟಿದ್ದರು. ಎರಡನೇ ದಿನಕ್ಕೆ ಫಿಟ್ಸ್ ಬಂತು. ಹೆದರಿ ನಾನೇ ಕುಡಿಯೋಕೆ ಕೊಟ್ಟೆ. ಈಗ ಪಕ್ಕದ ಮನೆಯವರು ಒಂದು ಪುಡಿ ಇದೆ, ಗೊತ್ತಾಗದ ಹಾಗೆ ಸಾರಿಗೆ ಹಾಕು, ಕುಡಿತ ತಾನೇ ಬಿಟ್ಟುಹೋಗುತ್ತೆ ಅಂತಿದ್ದಾರೆ. ಹಾಕಲಾ?
— ಮಂಡ್ಯ ಜಿಲ್ಲೆಯ ಓದುಗರು

ಉತ್ತರ: ಬೇಡಮ್ಮ. ಆ ಪುಡಿಯನ್ನು ಹಾಕಲೇಬೇಡಿ. ಪತ್ರ ಓದಿದಾಗಿಂದ ನಿಮ್ಮದೇ ಯೋಚನೆ.

ಹೀಗೆ ಗುಟ್ಟಾಗಿ ಕೊಡುವ ಪುಡಿಗಳಲ್ಲಿ ಏನಿದೆ ಅಂತ ಮಾರುವವರೂ ಹೇಳಲ್ಲ. ಡೈಸಲ್ಫಿರಾಮ್ ಅನ್ನುವ ಒಂದು ಔಷಧಿ ಇದೆ, ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿ ಆಗಿ, ಬಿಪಿ ಕುಸಿಯುತ್ತೆ. ಡಾಕ್ಟರ್ ಅದನ್ನು ಕೊಡುವುದು ಪರೀಕ್ಷೆ ಎಲ್ಲ ಮಾಡಿ, ರೋಗಿಗೆ ಪೂರ್ತಿ ತಿಳಿಸಿ, ಅವರು ಒಪ್ಪಿದ ಮೇಲೆ. ಗೊತ್ತಿಲ್ಲದೆ ಸಾರಿನಲ್ಲಿ ಅದು ಹೊಟ್ಟೆಗೆ ಹೋಗಿ, ಆ ಮನುಷ್ಯ ಎಂದಿನ ಹಾಗೆ ಕುಡಿದರೆ ಪ್ರಾಣಕ್ಕೇ ಅಪಾಯ ಆಗಬಹುದು.

ಇನ್ನೊಂದು ಮಾತು. ಹೋದ ವರ್ಷ ಫಿಟ್ಸ್ ಬಂದಿದ್ದು ಆಣೆ ಮಾಡಿದ್ದಕ್ಕಲ್ಲ, ನಿಮ್ಮ ತಪ್ಪಿನಿಂದಲೂ ಅಲ್ಲ. ವರ್ಷಗಟ್ಟಲೆ ದಿನಾ ಕುಡಿದ ಮೆದುಳು ಆಲ್ಕೋಹಾಲ್ ಇರುವುದಕ್ಕೇ ಹೊಂದಿಕೊಂಡಿರುತ್ತೆ. ಒಮ್ಮೆಲೇ ನಿಂತಾಗ ಅದು ಹಿಡಿತ ತಪ್ಪುತ್ತೆ. ಮೊದಲ ಒಂದೆರಡು ದಿನದಲ್ಲಿ ನಡುಕ, ಬೆವರು, ಫಿಟ್ಸ್. ಎರಡನೇ ದಿನದಿಂದ ನಾಲ್ಕನೇ ದಿನದ ಒಳಗೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತೆ, ಯಾರೋ ಬಂದರು ಅಂತಾರೆ, ಗೋಡೆ ಮೇಲೆ ಹುಳ ಹರಿಯುತ್ತಿದೆ ಅಂತಾರೆ, ಜ್ವರ ಬರುತ್ತೆ. ಊರಲ್ಲಿ ಇದನ್ನು ಗಾಳಿ ಸೋಕಿದೆ ಅಂದುಕೊಂಡು ಬೇರೆಲ್ಲಿಗೋ ಕರೆದುಕೊಂಡು ಹೋಗಿ ಹೊತ್ತು ಕಳೆಯುತ್ತಾರೆ. ತಕ್ಷಣ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ ಇದು. ಒಮ್ಮೆ ಫಿಟ್ಸ್ ಬಂದವರು ಮನೆಯಲ್ಲಿ ನಿಲ್ಲಿಸುವ ಪ್ರಯತ್ನ ಇನ್ನೊಮ್ಮೆ ಮಾಡಲೇಬಾರದು. ಆಸ್ಪತ್ರೆಯಲ್ಲಿ ನಡುಕ, ಫಿಟ್ಸ್ ತಡೆಯುವ ಮಾತ್ರೆ ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ಹೆಚ್ಚಿನವರು ಒಂದು ವಾರದಲ್ಲಿ ಈ ಕಷ್ಟದ ಹಂತ ದಾಟುತ್ತಾರೆ. ಆಮೇಲೆ ಆಸೆ ಕಡಿಮೆ ಮಾಡುವ ಔಷಧಿಗಳೂ ಇವೆ.

ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಹತ್ತಿರದಲ್ಲಿ ಎಲ್ಲಿಗೆ ಹೋಗಬೇಕು ಅಂತ ಕೇಳಿ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಬೇರೆ ವಿಭಾಗ ಇದೆ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರದ ಬಗ್ಗೆಯೂ ಕೇಳಿರುತ್ತೀರಿ, ಎಷ್ಟೋ ಮನೆಗಳಿಗೆ ಅದರಿಂದ ಬೆಳಕು ಬಂದಿದೆ. ಆದರೆ ಸೇರಿಸುವ ಮುಂಚೆ ಫಿಟ್ಸ್ ಬಂದಿದ್ದ ವಿಷಯವನ್ನು ಮುಚ್ಚಿಡದೆ ಹೇಳಿ, ಡಾಕ್ಟರಿಗೆ ಮೊದಲು ತೋರಿಸಿ.

ಹೆದರಿ ನೀವೇ ಕುಡಿಯೋಕೆ ಕೊಟ್ಟೆ ಅಂತ ಬರೆದಿದ್ದೀರಿ. ಆ ಸಾಲಿನಲ್ಲಿ ನಿಮ್ಮನ್ನೇ ಬೈದುಕೊಂಡ ಹಾಗಿತ್ತು. ಫಿಟ್ಸ್ ಬಂದವರನ್ನು ಆಸ್ಪತ್ರೆಗೇ ಕರೆದುಕೊಂಡು ಹೋಗಬೇಕು, ಅದು ನಿಜ. ಆದರೆ ಆ ರಾತ್ರಿ ಹೇಳುವವರು ಯಾರೂ ಇಲ್ಲದೆ, ಅವರು ಬದುಕಬೇಕು ಅಂತ ನಿಮಗೆ ತೋಚಿದ್ದನ್ನು ಮಾಡಿದ್ದೀರಿ. ಆ ಭಾರವನ್ನು ಇಳಿಸಿಬಿಡಿ. ಮತ್ತೆ, ಅವರು ಕೈ ಎತ್ತುತ್ತಾರಾ? ನೀವು ಬರೆದಿಲ್ಲ. ಎತ್ತುತ್ತಾರೆ ಅಂದರೆ 181ಕ್ಕೆ ಫೋನ್ ಮಾಡಿ, ಅದು ಮಹಿಳಾ ಸಹಾಯವಾಣಿ.

ಪ್ರಶ್ನೆ: ಎರಡು ತಿಂಗಳಿಂದ ಚೆನ್ನಾಗಿ ಕಡಿಮೆ ಮಾಡಿದ್ದೀನಿ. ಮುಂದಿನ ವಾರ ತಂಗಿ ಮದುವೆಯ ಬೀಗರ ಊಟ. ಬೀಗರ ಕಡೆಯವರು ಬಿಡಲ್ಲ, "ಏನ್ ಭಾವ, ನಮ್ ಮರ್ಯಾದೆಗೆ ಒಂದು ತಗೋ" ಅಂತಾರೆ. ಏನು ಹೇಳಲಿ?
— ಚನ್ನರಾಯಪಟ್ಟಣದ ಓದುಗರು

ಉತ್ತರ: ಎರಡು ತಿಂಗಳು ನಡೆಸಿದ್ದೀರಿ, ತುಂಬಾ ಖುಷಿ ಆಯಿತು.

ಬಿಟ್ಟುಬಿಟ್ಟಿದ್ದೀನಿ ಅಂದರೆ ಅಲ್ಲಿ ಚರ್ಚೆ ಶುರುವಾಗುತ್ತೆ, ಯಾಕೆ, ಯಾವಾಗಿಂದ, ಇವತ್ತೊಂದು ದಿನ ಏನಾಗುತ್ತೆ ಅಂತ. "ಮಾತ್ರೆ ನಡೀತಿದೆ, ಡಾಕ್ಟ್ರು ಬೇಡ ಅಂದಿದ್ದಾರೆ" ಅಂತ ಒಂದೇ ಮಾತು ಹೇಳಿ. ನನ್ನ ಹೆಸರನ್ನೇ ಹೇಳಿ, ಈಗ ಬರೆದು ಕೊಡ್ತಾ ಇದ್ದೀನಲ್ಲ. ಕೈಯಲ್ಲಿ ಯಾವಾಗಲೂ ಒಂದು ಲೋಟ ಇರಲಿ, ಸೋಡಾನೋ ನಿಂಬೆ ಶರಬತ್ತೋ, ಖಾಲಿ ಕೈ ಕಂಡರೆ ತಾನೇ ಸುರಿಯೋಕೆ ಬರುವುದು. ಲೋಟ ಅರ್ಧ ಆದಾಗ ಬೇರೆಯವರಿಗೆ ತುಂಬಿಸೋಕೆ ಬಿಡಬೇಡಿ. ಹೊಟ್ಟೆ ಹಸಿದುಕೊಂಡು ಹೋಗಬೇಡಿ, ಮೊದಲ ಪಂಕ್ತಿಯಲ್ಲೇ ಕೂತು ಊಟ ಮುಗಿಸಿ. ಊಟ ಆದವರನ್ನು ಯಾರೂ ಅಷ್ಟಾಗಿ ಎಳೆಯಲ್ಲ. ನಿಮ್ಮ ಕಡೆಯವರಲ್ಲಿ ಒಬ್ಬರಿಗೆ, ಚಿಕ್ಕಪ್ಪನೋ ಭಾವಮೈದುನನೋ, ಮೊದಲೇ ವಿಷಯ ತಿಳಿಸಿ ಪಕ್ಕದಲ್ಲೇ ಇಟ್ಟುಕೊಳ್ಳಿ. ಅಕಸ್ಮಾತ್ ಒಂದು ಪೆಗ್ ಆಗಿಯೇ ಹೋದರೆ, ಎಲ್ಲ ಹೋಯಿತು ಇನ್ನೇನು ಅಂತ ಮುಂದುವರಿಸಬೇಡಿ. ಲೋಟ ಅಲ್ಲೇ ಇಟ್ಟು ಎದ್ದು ಬನ್ನಿ. ಮಾರನೇ ದಿನ ಕ್ಯಾಲೆಂಡರ್‌ನಲ್ಲಿ 30 ಎಂ.ಎಲ್. ಅಂತ ಬರೆದು, ಎಂದಿನ ಲೆಕ್ಕಕ್ಕೆ ವಾಪಸ್ ಹೋಗಿ.