ಸ್ಪೈನಾ ಬೈಫಿಡಾ ಇರುವ ತಂಗಿ ಮಂಕಾಗಿದ್ದಾಳೆ: ಇದು ಖಿನ್ನತೆಯೇ, ಕಾಯಿಲೆಯ ಭಾಗವೇ?

ತಂಗಿಗೆ 22 ವರ್ಷ, ತಲೆಯಲ್ಲಿ ಶಂಟ್ ಇದೆ, ಮೂರು ತಿಂಗಳಿಂದ ತರಗತಿಗೆ ಹೋಗುತ್ತಿಲ್ಲ, ಹಗಲೂ ಮಲಗಿರುತ್ತಾಳೆ, ಮಾತಿಲ್ಲ ಎಂದು ಬರೆದಿದ್ದೀರಿ. “ಹುಟ್ಟಿನಿಂದ ಇದ್ದದ್ದೇ ತಾನೆ, ಈಗೇನು ಹೊಸದಾಗಿ ದುಃಖ?” ಎಂದು ಅಮ್ಮ ಕೇಳುತ್ತಾರೆ ಎಂದೂ ಬರೆದಿದ್ದೀರಿ. ನನಗೆ 37. ಗರ್ಭದಲ್ಲೇ ಬೆನ್ನುಹುರಿಯ ನಾಳ ಪೂರ್ತಿ ಮುಚ್ಚದೆ ಉಳಿದು, ಕಾಲಿಗೂ ಮೂತ್ರಕೋಶಕ್ಕೂ ಹೋಗುವ ನರಗಳು ಕೆಡುವ ಸ್ಪೈನಾ ಬೈಫಿಡಾ ನನಗೂ ಇದೆ: ಅದೇ ಬೆನ್ನು, ಅದೇ ಶಂಟ್. 24ನೆಯ ವಯಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷ ನಾನೂ ಗೋಡೆಗೆ ಮುಖ ಮಾಡಿ ಮಲಗಿದ್ದೆ. ನಾನು ವೈದ್ಯರಲ್ಲ, ಅನುಭವದಿಂದ ತಿಳಿದದ್ದನ್ನೂ ನನ್ನ ವೈದ್ಯರನ್ನು ಕಾಡಿ ಕೇಳಿ ತಿಳಿದದ್ದನ್ನೂ ಹೇಳುತ್ತೇನೆ.

ಮನಸ್ಸಿನ ವಿಚಾರಕ್ಕೆ ಮೊದಲು ಶಂಟ್ ನೋಡಿಸಿ. ಮೆದುಳಿನಲ್ಲಿ ತುಂಬುವ ನೀರನ್ನು ಹೊಟ್ಟೆಗೆ ಇಳಿಸುವ ಆ ಕೊಳವೆ ಎಷ್ಟು ವರ್ಷ ಚೆನ್ನಾಗಿ ಕೆಲಸ ಮಾಡಿದ್ದರೂ ಕಟ್ಟಿಕೊಳ್ಳಬಹುದು. ತಲೆನೋವು, ವಾಂತಿ, ಎಬ್ಬಿಸಿದರೂ ಏಳದಂಥ ಮಂಪರು ಕಂಡರೆ ಆಗಿಂದಾಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಧಾನವಾಗಿ ಕಟ್ಟಿಕೊಂಡಾಗ ಮಾತ್ರ ಗುರುತಿಸುವುದು ಕಷ್ಟ: ಜಡತನ, ಮರೆವು, ಸಿಡುಕು, ಓದಿನಲ್ಲಿ ಹಿಂದೆ ಬೀಳುವುದು. ಹೊರಗಿನಿಂದ ನೋಡುವವರಿಗೆ ಇದು ಖಿನ್ನತೆಯಂತೆಯೇ ಕಾಣುತ್ತದೆ. ಹಾಗೆಯೇ ಮೂತ್ರದ ಸೋಂಕು ಇದೆಯೇ, ರಾತ್ರಿ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿದೆಯೇ ಎಂದೂ ಕೇಳಿ. ಹಿಂಮೆದುಳು ಕುತ್ತಿಗೆಯತ್ತ ಜಾರಿರುವ ನಮ್ಮಂಥವರಲ್ಲಿ ಉಸಿರಿನ ಈ ತೊಂದರೆ ಅಪರೂಪವೇನಲ್ಲ. ರಾತ್ರಿ ಹತ್ತಾರು ಬಾರಿ ನಿದ್ದೆ ಕೆಟ್ಟವರು ಹಗಲು ಮಂಕಾಗಿರದೆ ಇನ್ನೇನು?

ನನ್ನ ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ. ವೈದ್ಯರು ಒಳ್ಳೆಯವರೇ; ಭುಜ ತಟ್ಟಿ, “ಇಂಥ ದೇಹ ಇಟ್ಟುಕೊಂಡು ಬೇಸರವಾಗುವುದು ಸಹಜ” ಎಂದು ಮನೆಗೆ ಕಳಿಸಿದರು. ನಿಮ್ಮ ಅಮ್ಮನ ಮಾತನ್ನು ಓದಿದಾಗ ನನಗೆ ನೆನಪಾದದ್ದು ಅದೇ. ಒಬ್ಬರ ಪ್ರಕಾರ ದುಃಖಕ್ಕೆ ಕಾರಣವೇ ಇಲ್ಲ, ಇನ್ನೊಬ್ಬರ ಪ್ರಕಾರ ಬೇಕಾದಷ್ಟು ಇದೆ. ಎರಡೂ ಕಡೆ ಚಿಕಿತ್ಸೆಯ ಮಾತೇ ಏಳುವುದಿಲ್ಲ. ಖಿನ್ನತೆ ಬೆನ್ನಿನ ಬಾಲವಲ್ಲ. ಅದೇ ಒಂದು ಕಾಯಿಲೆ, ಸ್ಪೈನಾ ಬೈಫಿಡಾ ಇರುವವರಲ್ಲಿಯೂ ಅದು ಗುಣವಾಗುತ್ತದೆ.

ಎಲ್ಲರೂ ನನ್ನ ಕಾಲನ್ನು ನೋಡಿ ಮರುಗುತ್ತಿದ್ದರು. ಕಾಲಿನ ಬಗ್ಗೆ ನಾನು ಅತ್ತದ್ದು ಬಾಲ್ಯದಲ್ಲಿ, ಅದೂ ಕೆಲವೇ ಸಲ. ನಾಲ್ಕು ಗಂಟೆಗೊಮ್ಮೆ ಕ್ಯಾಥೆಟರ್ ಹಾಕಿ ಮೂತ್ರ ತೆಗೆಯಬೇಕು. 1972ರಲ್ಲಿ ಜ್ಯಾಕ್ ಲ್ಯಾಪಿಡೆಸ್ ಎಂಬ ವೈದ್ಯರು ಪ್ರಕಟಿಸಿದ ಈ ಸರಳ ವಿಧಾನ ನಮ್ಮಂಥವರ ಮೂತ್ರಪಿಂಡಗಳನ್ನು ಉಳಿಸಿತು. ನನ್ನ ಜೀವ ಆ ತೆಳು ಕೊಳವೆಯ ಋಣದಲ್ಲಿದೆ, ಸರಿ. ಆದರೆ ಚಿಲಕವಿಲ್ಲದ ಶೌಚಾಲಯದಲ್ಲಿ ಅದನ್ನು ಹಿಡಿದು ಕುಳಿತವರಿಗೆ ಈ ಕೃತಜ್ಞತೆ ನೆನಪಿಗೆ ಬರುವುದಿಲ್ಲ. ಒಂದು ದಿನ ಕಚೇರಿಯ ಸಭೆಯಲ್ಲಿ ಬಟ್ಟೆ ಒದ್ದೆಯಾಯಿತು. ಯಾರೂ ನಗಲಿಲ್ಲ, ಕಿಟಕಿ ತೆರೆದರು, ಅಷ್ಟೇ. ಮರುದಿನದಿಂದ ನೀರು ಕುಡಿಯುವುದನ್ನು ಕಡಿಮೆ ಮಾಡಿದೆ. ಸೋಂಕು ಬಂತು, ಸುಸ್ತು ಬಂತು, ರಜೆ ಹಾಕಿದೆ, ರಜೆ ಬೆಳೆಯಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಏನೆಂದು ಹೇಳಲಿ?

ಅದಕ್ಕೂ ಮೊದಲು ಇನ್ನೊಂದು ನಡೆದಿತ್ತು. 18 ದಾಟಿದ ಮೇಲೆ ಮಕ್ಕಳ ವಿಭಾಗ ಕೈಬಿಟ್ಟಿತು. ಅಲ್ಲಿಯವರೆಗೆ ನರ, ಮೂತ್ರ, ಮೂಳೆ ನೋಡುವವರೆಲ್ಲ ಒಂದೇ ದಿನ, ಒಂದೇ ಕಡೆ ಸಿಗುತ್ತಿದ್ದರು. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಬಾಗಿಲು, ಪ್ರತಿ ಬಾಗಿಲಲ್ಲೂ ಮೊದಲಿನಿಂದ ಕಥೆ. ನಿಮ್ಮ ತಂಗಿಯ ವಯಸ್ಸು ನೋಡಿದರೆ ಅವಳೂ ಈ ಬಾಗಿಲುಗಳ ನಡುವೆಯೇ ಎಲ್ಲೋ ಇರಬಹುದು.

“ಮಾತು ಬಂದಾಗ ಚೆನ್ನಾಗಿಯೇ ಆಡುತ್ತಾಳೆ, ಕೆಲಸಕ್ಕೆ ಮಾತ್ರ ಸೋಮಾರಿ” ಎಂದು ಬರೆದ ಸಾಲನ್ನು ದಯವಿಟ್ಟು ಅಳಿಸಿಬಿಡಿ. ತಲೆಯಲ್ಲಿ ನೀರು ತುಂಬಿ ಬೆಳೆದ ಅನೇಕರಿಗೆ ಮಾತು ಸಲೀಸು. ಕೆಲಸವನ್ನು ಶುರು ಮಾಡುವುದು, ಯಾವುದು ಮೊದಲು ಯಾವುದು ಆಮೇಲೆ ಎಂದು ಜೋಡಿಸುವುದು ಕಷ್ಟ. ಮೆದುಳು ರೂಪುಗೊಂಡ ರೀತಿಯೇ ಹಾಗೆ. ಇದು ತಿಳಿಯದೆ ಹತ್ತು ವರ್ಷ ನನ್ನನ್ನು ನಾನೇ ಸೋಮಾರಿ ಎಂದು ಬೈದುಕೊಂಡೆ. ಅದರ ಮೇಲೆ ಖಿನ್ನತೆ ಬಂದು ಕೂತರೆ ಹಲ್ಲುಜ್ಜುವುದೂ ಬೆಟ್ಟ ಹತ್ತಿದಂತೆ. “ಮನಸ್ಸು ಮಾಡು” ಎಂದರೆ ಯಾವುದನ್ನು ಮಾಡುವುದು? ಕೆಟ್ಟಿರುವುದು ಅದೇ.

ನನ್ನನ್ನು ಎಬ್ಬಿಸಿದವರು ಒಬ್ಬ ಮನಶ್ಶಾಸ್ತ್ರಜ್ಞೆ. ಬಾಲ್ಯ ಹೇಗಿತ್ತು ಎಂದು ಕೇಳದೆ, “ಹೊರಗೆ ಹೋದಾಗ ಕ್ಯಾಥೆಟರ್ ಎಲ್ಲಿ ಹಾಕಿಕೊಳ್ಳುತ್ತೀರಿ?” ಎಂದು ಕೇಳಿದರು. ಗಂಟಲು ಕಟ್ಟಿತು, ಆಮೇಲೆ ಒಂದು ಗಂಟೆ ಮಾತಾಡಿದೆ. ಅವರು ಕೊಟ್ಟ ಕೆಲಸಗಳು ನಗು ಬರುವಷ್ಟು ಸಣ್ಣವು: ಹತ್ತಕ್ಕೆ ಮೊಬೈಲ್ ಅಲಾರಂ, ಎದ್ದು ಬಾಗಿಲವರೆಗೆ, ಮರುವಾರ ಬಾಗಿಲಾಚೆಗೆ. ಜೊತೆಗೆ ಮನೋವೈದ್ಯರು ಮಾತ್ರೆಯನ್ನೂ ಕೊಟ್ಟರು. ಮಾತ್ರೆ ಬರೆಸುವಾಗ ಮೂತ್ರಕೋಶ, ಮಲಬದ್ಧತೆ, ಎಂದಾದರೂ ಫಿಟ್ಸ್ ಬಂದಿದ್ದರೆ ಅದನ್ನೂ ತಪ್ಪದೆ ಹೇಳಿಸಿ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳು ಮೂತ್ರವನ್ನೂ ಮಲವನ್ನೂ ಕಟ್ಟಬಲ್ಲವು. ಬುಪ್ರೊಪಿಯಾನ್ ಫಿಟ್ಸ್‌ನ ಅಪಾಯವನ್ನು ಹೆಚ್ಚಿಸುತ್ತದೆ. ಬೇರೆ ಮಾತ್ರೆಗಳಿವೆ. ಖಿನ್ನತೆ ಅಳೆಯಲು ಕೊಡುವ ಪ್ರಶ್ನಾವಳಿಯಲ್ಲಿ ಸುಸ್ತು, ನಿದ್ದೆ, ಹಸಿವು ಎಲ್ಲ ಇರುತ್ತವೆ. ನಮಗೆ ಅವು ದೇಹದಿಂದಲೂ ಬಂದಿರಬಹುದು. ಮೊದಲು ಇಷ್ಟವಾಗಿದ್ದದ್ದು ಈಗಲೂ ಇಷ್ಟವೇ, ತನ್ನ ಮೇಲೆ ತನಗೇ ಅಸಹ್ಯವಿದೆಯೇ ಎಂಬ ಪ್ರಶ್ನೆಗಳಿಗೆ ಅವಳ ಉತ್ತರವನ್ನು ಗಮನವಿಟ್ಟು ಕೇಳಿ.

ಸಾಯಬೇಕು ಎನಿಸುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬಳನ್ನೇ ಬಿಡಬೇಡಿ, ಅಂದೇ ವೈದ್ಯರ ಬಳಿ ಹೋಗಿ. ವೈದ್ಯರೆದುರು ಮಾತ್ರ ಅವಳೇ ಮಾತಾಡಲಿ. ತಡವರಿಸಿದರೂ ನೀವು ವಾಕ್ಯ ಪೂರ್ತಿ ಮಾಡಿಕೊಡಬೇಡಿ.

ಇನ್ನು ಅಮ್ಮನಿಗೆ ಹೇಗೆ ಹೇಳಲಿ ಎಂದಿದ್ದೀರಿ. ಹುಟ್ಟಿನ ಮಾತು ಬಂದಾಗಲೆಲ್ಲ ನನ್ನ ಅಮ್ಮನೂ ಹೀಗೆಯೇ ಗಡುಸಾಗುತ್ತಿದ್ದಳು. ಬಸಿರಿನಲ್ಲಿ ತಾನೇನೋ ತಪ್ಪು ಮಾಡಿದೆ ಎಂದು ಅಷ್ಟು ವರ್ಷ ಒಳಗೇ ಕೊರಗುತ್ತಿದ್ದಳು ಎಂಬುದು ನನಗೆ ಗೊತ್ತಾದದ್ದು 30 ದಾಟಿದ ಮೇಲೆ. ಬೆನ್ನುಹುರಿಯ ನಾಳ ಮುಚ್ಚಬೇಕಾದದ್ದು ಗರ್ಭ ಕಟ್ಟಿದ ಮೊದಲ 28 ದಿನಗಳೊಳಗೆ. ಬಸಿರು ಎಂದು ಎಷ್ಟೋ ಹೆಂಗಸರಿಗೆ ಆಗಿನ್ನೂ ತಿಳಿದಿರುವುದೇ ಇಲ್ಲ. ಇದರ ಸಾಧ್ಯತೆ ತಗ್ಗಿಸಲೆಂದು ಕೊಡುವ ಫೋಲಿಕ್ ಆಮ್ಲದ ಮಾತ್ರೆ ತಪ್ಪದೆ ನುಂಗಿದವರಿಗೂ ಕೆಲವೊಮ್ಮೆ ಹೀಗಾಗುತ್ತದೆ. ತಂಗಿಯ ವಿಷಯ ಎತ್ತುವ ಮೊದಲು ಅಮ್ಮನಿಗೆ ಇದನ್ನು ಹೇಳಿ ನೋಡಿ.